ಹಳದಿ ಚಿಪ್ಪಿನ ಮೇಲಿನ ಫೋನ್ ನಂಬರ್

ನನ್ನ ಗಂಡನ ಫೋನ್ ನಂಬರ್ ನನಗೆ ಈಗಲೂ ಬಾಯಿಗೆ ಬರುವುದಿಲ್ಲ. ಮಗಳದ್ದಂತೂ ಕೇಳಲೇಬೇಡಿ. ಆದರೆ ಮದರಾಸಿನ ಬೆಸೆಂಟ್ ನಗರದ ಒಂದು ಮನೆಯ ಲ್ಯಾಂಡ್‌ಲೈನ್ ನಂಬರನ್ನು ಮಾತ್ರ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕಪ್ಪು ಬಣ್ಣದಲ್ಲಿ ಬ್ರಷ್ ಅದ್ದಿ, ಹಳದಿ ಪ್ಲಾಸ್ಟಿಕ್ ಚಿಪ್ಪುಗಳ ಮೇಲೆ ಅದನ್ನು ಅಷ್ಟು ಸಲ ಬರೆದಿದ್ದೇನೆ. ಆ ಚಿಪ್ಪುಗಳೆಲ್ಲ ಬಂಗಾಳಕೊಲ್ಲಿಯ ತಳಕ್ಕೆ ಹೋಗುವಂಥವು. ಸಮುದ್ರದ ತಳದಲ್ಲಿ ಕೂತು ಭೂಕಂಪಗಳನ್ನು ದಾಖಲಿಸುವ ಯಂತ್ರಗಳನ್ನು ಇಳಿಸುವುದು, ವರ್ಷ ಕಳೆದ ಮೇಲೆ ಹೋಗಿ ಎತ್ತಿಕೊಂಡು ಬರುವುದು ನನ್ನ ಕೆಲಸ.

ಚನ್ನರಾಯಪಟ್ಟಣದ ಕಡೆಯ ನಮ್ಮ ನೆಂಟರಿಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಮದುವೆ ಮನೆಯಲ್ಲಿ ಯಾರಾದರೂ ‘ನೀನು ಹಡಗಿನಲ್ಲಿ ಏನು ಮಾಡ್ತೀಯಮ್ಮ’ ಎಂದು ಕೇಳಿದರೆ ‘ಅಡುಗೆ’ ಎಂದು ಹೇಳಿ ಎಲೆಯ ಮುಂದೆ ಕೂತುಬಿಡುತ್ತೇನೆ. ನನ್ನ ತಾಳ್ಮೆ ಅಷ್ಟೇ. ಆದರೆ ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ, ಅದಕ್ಕೆ ಹೇಳುತ್ತೇನೆ.

ಯಂತ್ರ ದೊಡ್ಡದೇನಲ್ಲ. ಒಂದು ಚೌಕಟ್ಟು, ಅದರ ಮೇಲ್ಭಾಗದಲ್ಲಿ ದಪ್ಪ ಗಾಜಿನ ಗೋಲಗಳು, ನಡುವೆ ನೆಲದ ಅಲುಗಾಟ ಹಿಡಿಯುವ ಉಪಕರಣ, ಕೆಳಗೆ ಕಬ್ಬಿಣದ ಭಾರ. ಗೋಲಗಳ ಒಳಗೆ ಬರೀ ಗಾಳಿ, ಅವು ಇರುವುದೇ ತೇಲುವುದಕ್ಕೆ. ಗಾಜು ಅಲ್ಲಿ ಇಲ್ಲಿ ತಾಗಿ ಒಡೆಯಬಾರದೆಂದು ಒಂದೊಂದು ಗೋಲಕ್ಕೂ ಎರಡು ಹೋಳಿನ ಹಳದಿ ಚಿಪ್ಪು ತೊಡಿಸಿ ಬೋಲ್ಟು ಬಿಗಿದಿರುತ್ತೇವೆ, ಒಡೆದ ತೆಂಗಿನಕಾಯಿಯ ಹೋಳುಗಳನ್ನು ಮತ್ತೆ ಕೂಡಿಸಿದ ಹಾಗೆ. ಹಡಗಿನಿಂದ ಬಿಟ್ಟರೆ ಕಬ್ಬಿಣದ ತೂಕಕ್ಕೆ ಇಡೀ ಯಂತ್ರ ತಳಕ್ಕೆ ಹೋಗಿ ಕೂರುತ್ತದೆ. ವರ್ಷದ ಮೇಲೆ ಅದೇ ಜಾಗಕ್ಕೆ ಹೋಗಿ ನೀರಿನೊಳಗೆ ಒಂದು ಸದ್ದಿನ ಸಂಕೇತ ಕಳಿಸುತ್ತೇವೆ. ಅದನ್ನು ಕೇಳಿಸಿಕೊಂಡು ಯಂತ್ರ ಕೊಂಡಿ ಬಿಚ್ಚಿ, ಕಬ್ಬಿಣವನ್ನು ಅಲ್ಲೇ ಬಿಟ್ಟು, ಗೋಲಗಳ ಬಲದಿಂದ ಮೇಲೆ ತೇಲಿ ಬರಬೇಕು. ತಂತಿಯಿಲ್ಲ, ಹಗ್ಗವಿಲ್ಲ. ಅಷ್ಟು ದಿನ ಅದು ಏನೇನು ಕೇಳಿಸಿಕೊಂಡಿತು ಎಂಬುದು ಅದು ಮೇಲೆ ಬಂದರೆ ಮಾತ್ರ ಗೊತ್ತಾಗುತ್ತದೆ.

ಒಮ್ಮೊಮ್ಮೆ ಕೊಂಡಿ ತಾನಾಗಿಯೇ ಬಿಚ್ಚಿಕೊಂಡು ಯಂತ್ರ ಅವಧಿಗೆ ಮೊದಲೇ ತೇಲಿಬಿಡುವುದೂ ಉಂಟು. ಆಗ ಅದು ಅಲೆಯುತ್ತ ಹೋಗಿ ಯಾರೋ ಮೀನುಗಾರರ ಕೈಗೆ ಸಿಗುತ್ತದೆ. ಅವರು ಹೆದರಿ ಬಿಸಾಕಬಾರದೆಂದು ‘ಅಪಾಯವಿಲ್ಲ, ಸಿಕ್ಕಿದರೆ ಫೋನ್ ಮಾಡಿ’ ಎಂದು ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಬರೆದು ಕೆಳಗೆ ಒಂದು ನಂಬರ್ ಹಾಕುತ್ತೇವೆ. ನಿಯಮದ ಪ್ರಕಾರ ಅದು ಆಫೀಸಿನ ನಂಬರ್ ಆಗಬೇಕು. ನಮ್ಮಲ್ಲಿ ಅದು ಸರ್ ಮನೆಯ ನಂಬರ್ ಆಗಿತ್ತು.

ಸರ್ ಎಂದರೆ ನಮ್ಮ ವಿಭಾಗದ ಹಿರಿಯ ವಿಜ್ಞಾನಿ. ನಾನು ಕೆಲಸಕ್ಕೆ ಸೇರಿದಾಗ ನನ್ನನ್ನು ಹಡಗಿಗೆ ಹತ್ತಿಸಿದವರು. ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ವೈಷ್ಣವ ಮನೆತನ ಅವರದು. ಮನೆಮಾತು ಕನ್ನಡವೇ, ಆದರೆ ಅದರಲ್ಲಿ ಅರ್ಧ ತಮಿಳು. ‘ಸಲ’ ಎನ್ನುವುದಕ್ಕೆ ‘ತಡವೆ’ ಅನ್ನುತ್ತಿದ್ದರು, ‘ಖಂಡಿತ’ ಎನ್ನುವುದಕ್ಕೆ ‘ಕಂಡಿಪ್ಪಾ’, ‘ಐದು ಗಂಟೆ’ಗೆ ‘ಅಂಜು ಮಣಿ’, ಮಾತಿನ ನಡುವೆ ಅರ್ಥವಿಲ್ಲದೆ ಒಂದು ‘ಬಂದು’. ನಾನು ನಂಬರ್ ಬರೆದು ಮುಗಿಸಿದರೆ ಕನ್ನಡಕ ಮೇಲೆತ್ತಿ, “ಇನ್ನೊಂದು ತಡವೆ ಓದಮ್ಮಾ” ಅನ್ನುತ್ತಿದ್ದರು. ನಾನು ಓದಬೇಕು, ಅವರು ಒಂದೊಂದು ಅಂಕಿಯನ್ನೂ ಬೆರಳಿನಿಂದ ಮುಟ್ಟಬೇಕು. ಬಣ್ಣ ಒಣಗಿರುತ್ತಿರಲಿಲ್ಲ, ಬೆರಳೆಲ್ಲ ಕಪ್ಪು. ಒಂದು ದಿನ ನನಗೆ ರೇಗಿತು. ಆಫೀಸಿನ ನಂಬರ್ ಇರುವಾಗ ಇದೇನು ಸರ್ ಹಟ ಎಂದು ಕೇಳಿಯೇಬಿಟ್ಟೆ.

“ಆಫೀಸ್ ಬಂದು ಅಂಜು ಮಣಿಗೆ ಬಾಗಿಲು ಹಾಕುತ್ತೆ. ಭಾನುವಾರ ರಜ. ಪೊಂಗಲ್‌ಗೆ ರಜ,” ಅಂದರು. “ಸಮುದ್ರಕ್ಕೆ ರಜ ಇದ್ಯೇನಮ್ಮಾ?”

ನಾನು ಮತ್ತೆ ಬ್ರಷ್ ಅದ್ದಿ ಮುಂದಿನ ಚಿಪ್ಪು ಎತ್ತಿಕೊಂಡೆ. ಅವರ ಹೆಂಡತಿಯ ವಿಷಯ ನನಗೆ ಅಷ್ಟರಲ್ಲಾಗಲೇ ಗೊತ್ತಿತ್ತು. ಇಂಥ ವಿಷಯಗಳನ್ನು ಹೊಸಬರ ಕಿವಿಗೆ ಹಾಕುವ ಜನ ಎಲ್ಲ ಆಫೀಸಿನಲ್ಲೂ ಇರುತ್ತಾರಲ್ಲ, ನನಗೂ ಸೇರಿದ ವಾರದಲ್ಲೇ ಕ್ಯಾಂಟೀನಿನಲ್ಲಿ ಹೇಳಿದ್ದರು. ಸುನಾಮಿ ಬಂದದ್ದು ಒಂದು ಭಾನುವಾರ ಬೆಳಗ್ಗೆ. ಮಾರ್ಗಳಿ ತಿಂಗಳು, ನಮ್ಮ ಧನುರ್ಮಾಸ. ಸಮುದ್ರದ ಪಕ್ಕದ ದೇವಸ್ಥಾನಕ್ಕೆ ಹೋಗಿ, ಹಾಗೇ ಮರಳಿನ ಮೇಲೆ ಒಂದಿಷ್ಟು ದೂರ ನಡೆದು ಬರುವುದು ಆ ತಿಂಗಳಲ್ಲಿ ಅವರ ಹೆಂಡತಿಯ ರೂಢಿ. ಅವತ್ತೂ ಹೋದರು. ಸರ್ ಮನೆಯಲ್ಲೇ ಇದ್ದರು. ಬೆಳ್ಳಂಬೆಳಗ್ಗೆ ಮನೆಯ ಉಯ್ಯಾಲೆ, ಅವರ ಮಾತಿನ ‘ಊಂಜಲ್’, ತಾನಾಗಿಯೇ ಸ್ವಲ್ಪ ತೂಗಿತ್ತಂತೆ. ಎಲ್ಲೋ ದೂರದಲ್ಲಿ ನೆಲ ನಡುಗಿದೆ ಎಂದು ಅವರಿಗೆ ಗೊತ್ತಾಯಿತು, ಅದೇ ಅಲ್ಲವೇ ಅವರ ವಿದ್ಯೆ. ದೊಡ್ಡದಾಗಿದ್ದರೆ ಯಾರಾದರೂ ಫೋನ್ ಮಾಡುತ್ತಾರೆ ಎಂದುಕೊಂಡರು. ಅಲ್ಲಿ ನೆಲ ನಡುಗಿದ ಮೇಲೆ ಇಲ್ಲಿಗೆ ನೀರು ಬರಲು ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಆ ಮನೆಯ ಫೋನ್ ರಿಂಗಾಗಲಿಲ್ಲ. ಈ ಊರಿನ ಯಾವ ಫೋನೂ ರಿಂಗಾಗಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಮತ್ತೆ ಮದುವೆಯಾಗಲಿಲ್ಲ. ಲ್ಯಾಂಡ್‌ಲೈನನ್ನು ಎಲ್ಲರೂ ತೆಗೆಸಿ ಹಾಕಿದ ಕಾಲಕ್ಕೂ ಅವರು ಉಳಿಸಿಕೊಂಡರು. ಯಾವಾಗ ಮಾಡಿದರೂ ಮೊದಲ ರಿಂಗಿಗೇ ಎತ್ತುತ್ತಿದ್ದರು. ಎರಡನೆಯ ರಿಂಗ್ ಆದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

ಯಂತ್ರವನ್ನು ನೀರಿಗೆ ಬಿಡುವಾಗ ಹಡಗಿನಲ್ಲಿ ಒಂದು ಸಣ್ಣ ಪದ್ಧತಿ ಇತ್ತು. ತೆಂಗಿನಕಾಯಿ, ಕರ್ಪೂರ ಎಲ್ಲ ಹಡಗಿನವರದು, ಅದನ್ನು ಅವರು ಬಂದರು ಬಿಡುವಾಗಲೇ ಮುಗಿಸುತ್ತಿದ್ದರು. ಇದು ಸರ್ ಒಬ್ಬರದೇ. ಕ್ರೇನು ಯಂತ್ರವನ್ನು ಎತ್ತಿ ಹಡಗಿನ ಅಂಚಿನಾಚೆ ತೂಗಿಸುವ ಮೊದಲು ಅವರು ಹೋಗಿ ಹಳದಿ ಚಿಪ್ಪಿನ ಮೇಲೆ ಅಂಗೈ ಇಡುತ್ತಿದ್ದರು. “ಏನೂ ಆಗಲ್ಲ, ಹೋಗಿ ಬಾ” ಅನ್ನುತ್ತಿದ್ದರು. ಅಷ್ಟೇ. ಆಮೇಲೆ ಕೈ ಎತ್ತಿ ಕ್ರೇನಿನವನಿಗೆ ಸನ್ನೆ. ಕನ್ನಡ ಬಾರದ ಹಡಗಿನ ಹುಡುಗರೂ ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಯಾರಾದರೂ ಹಲ್ಲುನೋವಿನ ಮಾತ್ರೆ ನುಂಗುವಾಗ, ಹೆಂಡತಿಗೆ ಫೋನ್ ಮಾಡಲು ಹೆದರುತ್ತಿದ್ದಾಗ ‘ಏನೂ ಆಗಲ್ಲ, ಹೋಗಿ ಬಾ’ ಎಂದು ಒಬ್ಬರನ್ನೊಬ್ಬರು ಕಾಡುತ್ತಿದ್ದರು. ಸರ್ ಕೂಡ ನಗುತ್ತಿದ್ದರು. ನಾನೂ ಅದನ್ನು ನಮ್ಮ ಮನೆಯಲ್ಲಿ ಬಳಸಿದ್ದೇನೆ. ಮಗಳು ಪರೀಕ್ಷೆಗೆ ಹೊರಟಾಗ ಹೇಳಿದರೆ ಅವಳು ‘ಸರಿ ಮ್ಮಾ, ಪೋಯಿಟ್ಟು ವರೇನ್’, ಹೋಗಿ ಬರ್ತೀನಿ ಎಂದು ತಮಿಳಿನಲ್ಲೇ ಉತ್ತರ ಕೊಟ್ಟು ಹೋಗುತ್ತಿದ್ದಳು.

ನಾವು ಕೊನೆಯ ಸಲ ಯಂತ್ರಗಳನ್ನು ಇಳಿಸಿ ಬಂದು ಕೆಲವು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಆಫೀಸಿನ ಕುರ್ಚಿ ನನ್ನನ್ನು ನಿಧಾನವಾಗಿ ಆಚೀಚೆ ಮಾಡಿತು. ತಲೆಸುತ್ತು ಅಂದುಕೊಂಡೆ. ಸಮುದ್ರದ ಬದಿಯ ಎತ್ತರದ ಅಪಾರ್ಟ್‌ಮೆಂಟುಗಳ ಜನ ಮೆಟ್ಟಿಲಿಳಿದು ರಸ್ತೆಗೆ ಬಂದು ನಿಂತರು. ನನ್ನ ಗಂಡನ ಬ್ಯಾಂಕಿನವರೂ ಬಂದು ನಿಂತು, ಟೀ ಕುಡಿದು, ಮತ್ತೆ ಮೇಲೆ ಹೋದರಂತೆ. ಸಂಜೆ ಟಿ.ವಿ.ಯವರು ಒಂದಷ್ಟು ಕಿರುಚಾಡಿ ಸುಮ್ಮನಾದರು. ಯಾರಿಗೂ ಏನೂ ಆಗಲಿಲ್ಲ, ನೀರೂ ಬರಲಿಲ್ಲ.

ಸರ್ ಮಾತ್ರ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಭೂಕಂಪ ಹುಟ್ಟಿದ ಜಾಗ ನಮ್ಮ ಅತಿ ಆಳದ ಯಂತ್ರ ಕೂತಿರುವಲ್ಲಿಗೆ ತೀರಾ ಹತ್ತಿರ. ಅವರಿಗೆ ಅಷ್ಟು ವರ್ಷಗಳಿಂದ ಒಂದೇ ಪ್ರಶ್ನೆ. ದೊಡ್ಡದಾಗಿ ನಡುಗುವ ಮೊದಲು ನೆಲ ಸಣ್ಣಗೆ ಏನಾದರೂ ಹೇಳುತ್ತದೆಯೇ? ದಿನಗಳ ಹಿಂದೆಯೋ, ಗಂಟೆಗಳ ಹಿಂದೆಯೋ, ದಡದ ಮೇಲಿನ ಯಂತ್ರಗಳಿಗೆ ಕೇಳಿಸದಷ್ಟು ಮೆಲ್ಲಗೆ? ಹೇಳುತ್ತಿದ್ದರೆ ಅದು ಪಕ್ಕದಲ್ಲೇ ಕೂತವರಿಗೆ ಮಾತ್ರ ಕೇಳಿಸೀತು. ಈಗ ಪಕ್ಕದಲ್ಲಿ ಒಂದು ಯಂತ್ರ ಕೂತಿತ್ತು. ಅದರ ಹೊಟ್ಟೆಯಲ್ಲಿ ಉತ್ತರ ಇತ್ತು. ಹೌದೋ ಅಲ್ಲವೋ, ಯಾವುದಾದರೂ ಒಂದು.

ನೆಲ ಮೊದಲೇ ಏನೂ ಹೇಳುವುದಿಲ್ಲ ಎಂದು ಗೊತ್ತಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಹಾಗಾದರೆ ನಿದ್ದೆ ಮಾಡುತ್ತೇನೆ ಅಂದರು. ಹೇಳುತ್ತದೆ ಎಂದಾದರೆ? ಅವರು ಹಾಕಿದ್ದ ಬಾಗಿಲು ತೆಗೆದು ತಮ್ಮ ಕೋಣೆಗೆ ಹೋದರು.

ಯಂತ್ರಗಳನ್ನು ಎತ್ತುವ ಯಾತ್ರೆ ಅವರ ನಿವೃತ್ತಿಗೆ ಸ್ವಲ್ಪ ಮೊದಲು ಸಿಕ್ಕಿತು. ಹಡಗಿಗಾಗಿ ನಾನು ಮೇಲಿನವರ ಜೊತೆ ಜಗಳ ಆಡಿದ್ದು ಅಷ್ಟಿಷ್ಟಲ್ಲ. ಮೊದಮೊದಲು ಎಲ್ಲ ಸಲೀಸಾಗಿ ನಡೆಯಿತು. ನಾವು ಕರೆದೆವು, ಯಂತ್ರಗಳು ಒಂದಾದ ಮೇಲೊಂದು ಬಂದವು, ಮೈಮೇಲೆ ತಳದ ಕೆಸರು ಮೆತ್ತಿಕೊಂಡು. ಹುಡುಗರು ಕೊಕ್ಕೆಗೋಲು ಹಾಕಿ ಎಳೆದುಕೊಂಡರು. ಅತಿ ಆಳದ ಜಾಗವನ್ನು ಸರ್ ಕೊನೆಗೆ ಇಟ್ಟುಕೊಂಡಿದ್ದರು. ಮಕ್ಕಳು ತಟ್ಟೆಯಲ್ಲಿ ಸಿಹಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ಅಲ್ಲಿಗೆ ತಲುಪಿದ್ದು ಬೆಳಗ್ಗೆ. ಸಮುದ್ರ ಶಾಂತವಾಗಿತ್ತು. ನಾನು ಸಂಕೇತ ಕಳಿಸಿದೆ. ಉತ್ತರ ಬಂತು. ಯಂತ್ರ ಇದೆ, ಕೇಳಿಸಿಕೊಳ್ಳುತ್ತಿದೆ. ಕೊಂಡಿ ಬಿಚ್ಚು ಎಂದು ಹೇಳಿದೆ. ‘ಬಿಚ್ಚಿದೆ’ ಎಂದು ಉತ್ತರ ಬಂತು. ಸರ್ ನನ್ನ ಹಿಂದೆ ನಿಂತಿದ್ದವರು ಕುರ್ಚಿ ಎಳೆದುಕೊಂಡು ಕೂತರು. ಯಂತ್ರ ಮೇಲೆ ಬರುತ್ತಿದ್ದರೆ ಪರದೆಯ ಮೇಲೆ ಅದಕ್ಕೂ ನಮಗೂ ಇರುವ ದೂರ ಕಡಿಮೆಯಾಗುತ್ತ ಬರಬೇಕು. ಕಡಿಮೆಯಾಗಲಿಲ್ಲ. ಸ್ವಲ್ಪ ಹೊತ್ತು ಕಾದು ಮತ್ತೆ ಕೇಳಿದೆ. ಉತ್ತರ ಬಂತು. ಬಿಚ್ಚಿದೆ. ದೂರ ಅಷ್ಟೇ.

ಎಷ್ಟು ಸಲ ಕಳಿಸಿದೆನೋ. ಪ್ರತಿ ಸಲವೂ ತಪ್ಪದೆ ಉತ್ತರ ಕೊಟ್ಟಿತು. ಅದು ಮೌನವಾಗಿದ್ದರೆ ವಾಸಿಯಿತ್ತು. ಸತ್ತಿದೆ, ಕೊಚ್ಚಿಹೋಗಿದೆ ಎಂದುಕೊಂಡು ಹೊರಟುಬಿಡಬಹುದಿತ್ತು. ಇದು ಇದೆ, ಕರೆದರೆ ಓಗೊಡುತ್ತಿದೆ, ಕಬ್ಬಿಣವನ್ನೂ ಬಿಟ್ಟಿದೆಯಂತೆ, ಆದರೆ ಕೂತಲ್ಲಿಂದ ಏಳುತ್ತಿಲ್ಲ. ಊಟ ಆರಿ ತಣ್ಣಗಾಯಿತು. ಮಧ್ಯಾಹ್ನ ಹಡಗಿನ ಅರ್ಧ ಜನ ಕಟಕಟೆಗೆ ಒರಗಿ ಹಳದಿ ಬಣ್ಣ ಹುಡುಕುತ್ತಿದ್ದರು. ಸರ್ ದುರ್ಬೀನು ಕಣ್ಣಿಗಿಟ್ಟವರು ಇಳಿಸಲೇ ಇಲ್ಲ, ಕಣ್ಣಿನ ಸುತ್ತ ಅದರ ಗುರುತು ಬಿದ್ದಿತ್ತು. ನಾನು ಸುಮ್ಮಸುಮ್ಮನೆ ಅಡುಗೆಯವನ ಮೇಲೆ ರೇಗಿದೆ, ಕ್ರೇನಿನವನ ಮೇಲೆ ರೇಗಿದೆ. ಸಂಜೆ ಕ್ಯಾಪ್ಟನ್ ಕೆಳಗಿಳಿದು ಬಂದು ನಿಂತರು. ನಮಗೆ ಕೊಟ್ಟ ಹಡಗಿನ ದಿನಗಳು ಮುಗಿದಿದ್ದವು, ಹವಾಮಾನವೂ ಕೆಡುವುದರಲ್ಲಿತ್ತು. ಅಷ್ಟು ಆಳಕ್ಕೆ ಕೊಕ್ಕೆ ಇಳಿಸಿ ಎಳೆಯುವ ಸಾಮಾನು ನಮ್ಮಲ್ಲಿರಲಿಲ್ಲ.

ಹಡಗು ತಿರುಗುವಾಗ ನಾನು ಇನ್ನೊಂದು ಸಲ ಕರೆದೆ. ಉತ್ತರ ಬಂತು. ಹಡಗು ದೂರ ಸರಿದ ಹಾಗೆ ಆ ಸದ್ದು ಸಣ್ಣದಾಗುತ್ತ ಹೋಗಿ ಎಂಜಿನ್ನಿನ ಗದ್ದಲದಲ್ಲಿ ಸೇರಿಹೋಯಿತು. ಆಗ ನನಗೆ ಅಳು ಬಂತು. ಯಂತ್ರಕ್ಕೆ ಯಾರಾದರೂ ಅಳುತ್ತಾರೆಯೇ ಎಂದು ನಾಚಿಕೆಯೂ ಆಯಿತು.

ಬೀಳ್ಕೊಡುಗೆಯ ದಿನ ಸರ್‌ಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ದೊಡ್ಡವರು ಭಾಷಣ ಮಾಡಿ, ಹೆಚ್ಚುಕಡಿಮೆ ಎಲ್ಲ ಯಂತ್ರಗಳೂ ಮರಳಿವೆ, ಇದು ಸಂಸ್ಥೆಗೆ ಹೆಮ್ಮೆಯ ವಿಷಯ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಹಲ್ಲು ಕಚ್ಚಿಕೊಂಡೆ. ಬಂದವೆಲ್ಲ ದೂರ ಕೂತಿದ್ದವು, ಸರ್ ಕೇಳುತ್ತಿದ್ದ ಪ್ರಶ್ನೆಗೆ ಅವು ಕಿವುಡು. ಮುಂದಿನ ಹಂತ ಸದ್ಯಕ್ಕೆ ಬೇಡ ಎಂಬ ತೀರ್ಮಾನವೂ ಅದೇ ತಿಂಗಳಲ್ಲಿ ಬಂತು. ಆ ಕಡೆಗೆ ಇನ್ನು ಹಡಗಿಲ್ಲ. ತಳದಲ್ಲಿ ಓಗೊಡುತ್ತಿದ್ದುದರ ಬ್ಯಾಟರಿಯೂ ಅಷ್ಟರಲ್ಲಿ ಮುಗಿದಿರಬೇಕು.

ಆದರೆ ಸರ್‌ಗೆ ತಮ್ಮದೇ ಒಂದು ಲೆಕ್ಕವಿತ್ತು. ಕೊಂಡಿ ಬಿಚ್ಚಿರುವುದು ನಿಜ, ಆದರೆ ಚೌಕಟ್ಟು ಕೆಸರಿನಲ್ಲಿ ಹೂತಿದೆ. ಕೆಸರು ಇವತ್ತಲ್ಲ ನಾಳೆ ಸಡಿಲವಾಗುತ್ತದೆ. ಆಗ ಯಂತ್ರ ತಾನಾಗಿಯೇ ಎದ್ದು, ಗಾಳಿ ತಿರುಗುವ ತಿಂಗಳಲ್ಲಿ ನಮ್ಮ ದಡದ ಕಡೆಗೇ ತೇಲಿಬರುತ್ತದೆ. ಯಾರಾದರೂ ನೋಡುತ್ತಾರೆ, ನಂಬರ್ ನೋಡಿ ಫೋನ್ ಮಾಡುತ್ತಾರೆ. ಬ್ಯಾಟರಿ ಸತ್ತರೂ ಬರೆದಿಟ್ಟದ್ದು ಅಳಿಸುವುದಿಲ್ಲವಲ್ಲ. “ಕಂಡಿಪ್ಪಾ ಬರುತ್ತಮ್ಮಾ,” ಅನ್ನುತ್ತಿದ್ದರು. ಹಾಗೆ ಆಗಲಾರದು ಎಂದು ಹೇಳಲು ನನ್ನ ಬಳಿ ಆಧಾರವೇನೂ ಇರಲಿಲ್ಲ. ಹೂಂ ಸರ್ ಅಂದೆ.

ಆಮೇಲೆ ಅವರು ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಮದುವೆಗಳಿಗೆ ಹೋಗಲಿಲ್ಲ, ವೈಷ್ಣವ ಕ್ಷೇತ್ರಗಳ ದಿವ್ಯದೇಶ ಯಾತ್ರೆಗೆ ನೆಂಟರು ಕರೆದರೂ ಹೋಗಲಿಲ್ಲ. ಸಾಮಾನು ತರಲು ಕೆಳಗಿಳಿದರೂ ಓಡಿಬರುತ್ತಿದ್ದರು. ಫೋನೇನೋ ದಿನಕ್ಕೆ ಹಲವು ಸಲ ರಿಂಗಾಗುತ್ತಿತ್ತು. ಮನೆ ಜಾಗ ಬೇಕಾ, ವಿಮೆ ಬೇಕಾ, ಅಡುಗೆ ಗ್ಯಾಸಿನ ಆಫೀಸಾ ಎಂದು. ಪ್ರತಿ ಸಲವೂ ಮೊದಲ ರಿಂಗಿಗೇ ಎತ್ತಿ, ಪೂರ್ತಿ ಕೇಳಿ, ಅಲ್ಲಮ್ಮ, ಬೇಡಪ್ಪ ಎಂದು ಇಡುತ್ತಿದ್ದರು. ಗ್ಯಾಸಿಗಾಗಿ ಮತ್ತೆ ಮತ್ತೆ ಮಾಡುತ್ತಿದ್ದ ಒಬ್ಬ ಅಜ್ಜಿಗೆ ಸರಿಯಾದ ನಂಬರ್ ಹುಡುಕಿ ಕೊಟ್ಟಿದ್ದರು. ಅಷ್ಟಾದರೂ ಆಕೆ ಇಲ್ಲಿಗೇ ಮಾಡುತ್ತಿದ್ದಳು.

ಒಂದು ಮಳೆಗಾಲದಲ್ಲಿ ಫೋನಿನ ಸಾಧನ ಕೆಟ್ಟಿತು. ಹೊಸದರ ಗಂಟೆ ಸ್ನಾನದ ಮನೆಗೆ ಕೇಳಿಸುವುದಿಲ್ಲ ಎಂಬುದು ಅವರ ದೂರು. ನಾವಿರುವುದು ಪಲ್ಲಾವರಂನಲ್ಲಿ. ಅಲ್ಲಿನ ಶುಕ್ರವಾರದ ಸಂತೆಯಲ್ಲಿ ಹಳೆಯದು ಎಂಬುದು ಏನೇ ಇದ್ದರೂ ಸಿಗುತ್ತದೆ. ಪಾರಿವಾಳ, ಗಿಡ, ಯಾರದ್ದೋ ಮನೆಯ ಗಡಿಯಾರ, ರಿಮೋಟುಗಳ ರಾಶಿ. ಆ ಬಿಸಿಲಲ್ಲಿ ಹುಡುಕಿ, ಗಂಟಲು ದೊಡ್ಡದಿರುವ ಒಂದು ಹಳೆಯ ಕೆಂಪು ಫೋನ್ ಹಿಡಿದೆ. ಅದನ್ನು ಜೋಡಿಸಿಕೊಟ್ಟ ದಿನ ಸರ್ ನನ್ನನ್ನು ಬಾಲ್ಕನಿಗೆ ಹೋಗಿ ಮೊಬೈಲಿನಿಂದ ರಿಂಗ್ ಕೊಡು ಎಂದರು, ತಾವು ಸ್ನಾನದ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು. ಕೇಳಿಸಿತು ಎಂದು ಒಳಗಿನಿಂದಲೇ ಕೂಗಿದರು. ನನ್ನ ಗಂಡ ಅದನ್ನು ಕೇಳಿ ನಕ್ಕ. ನನಗೆ ನಗು ಬರಲಿಲ್ಲ.

ಹೋದ ವರ್ಷ ಗಾಳಿ ತಿರುಗಿದ ಮೇಲೆ ಒಂದು ಮಧ್ಯಾಹ್ನ ಅವರೇ ಆಫೀಸಿಗೆ ಫೋನ್ ಮಾಡಿದರು. ಮಾತು ತೊದಲುತ್ತಿತ್ತು. ಮೀನುಗಾರರ ಬಂದರು ಕಾಸಿಮೇಡಿನಿಂದ ಒಬ್ಬ ಹೆಂಗಸು ಕರೆ ಮಾಡಿದ್ದಳಂತೆ. ಹಳದಿಯದ್ದು, ನಂಬರ್ ಇರುವಂಥದ್ದು ಏನೋ ಒಂದು ತನ್ನ ಗಂಡನ ಬಲೆಗೆ ಸಿಕ್ಕಿದೆಯಂತೆ. ನಾನು ಅರ್ಧ ದಿನ ರಜ ಬರೆದು ಹಾಕಿ ಆಟೋ ಹಿಡಿದೆ. ಬೆಸೆಂಟ್ ನಗರದಲ್ಲಿ ಸರ್ ಗೇಟಿನ ಹೊರಗೇ ನಿಂತಿದ್ದರು, ಇಸ್ತ್ರಿ ಮಾಡಿದ ಷರ್ಟು, ಹಣೆಗೆ ನಾಮ. ಕೈಯಲ್ಲಿ ಒಂದು ಪೊಟ್ಟಣ ಮೈಸೂರ್‌ಪಾಕ್ ಇತ್ತು, ಆ ಮನೆಯವರಿಗೆ ಕೊಡಲು. ದಾರಿಯುದ್ದಕ್ಕೂ ಮಾತಾಡಿದರು. ಯಂತ್ರದ ಹೊಟ್ಟೆ ಬಿಚ್ಚಲು ಯಾರನ್ನು ಕರೆಯಬೇಕು, ಆಫೀಸಿನವರು ತಕರಾರು ತೆಗೆದರೆ ಏನು ಹೇಳಬೇಕು. ನನಗೂ ಆಸೆ ಹುಟ್ಟಿತು, ಸುಳ್ಳು ಹೇಳುವುದಿಲ್ಲ. ರಾಯಪುರಂ ದಾಟುವ ಹೊತ್ತಿಗೆ ನಾನೂ ಅವರ ಜೊತೆ ಲೆಕ್ಕ ಹಾಕುತ್ತಿದ್ದೆ.

ಆ ಹೆಂಗಸು ಬಂದರಿನ ಹಿಂದಿನ ಓಣಿಯಲ್ಲಿ ಬಾಗಿಲ ಮುಂದೆ ಕೂತು ನಮಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಬಲೆ ಹೊಲಿಯುವ ದಾರದ ಉಂಡೆಗಳನ್ನು ತುಂಬಿಟ್ಟ ಹಳದಿ ಬುಟ್ಟಿಯಂಥದ್ದು. ನಾನು ಯಂತ್ರ ಎಲ್ಲಿದೆ ಎಂದು ಅತ್ತಿತ್ತ ನೋಡಿದೆ. ಅವಳು ದಾರದ ಉಂಡೆಗಳನ್ನು ನೆಲಕ್ಕೆ ಸುರಿದು ಆ ಬುಟ್ಟಿಯನ್ನೇ ನಮ್ಮ ಮುಂದೆ ಇಟ್ಟಳು.

ಅರ್ಧ ಚಿಪ್ಪು. ಒಂದೇ ಒಂದು ಹೋಳು. ಬಣ್ಣ ಮಾಸಿತ್ತು, ಕಪ್ಪು ಅಂಕಿಗಳು ನನ್ನವೇ. ಅಂಚಿನಲ್ಲಿ ಆ ಜಾಗಕ್ಕೆ ನಾವು ಹಾಕುವ ಗುರುತೂ ಇತ್ತು, ಅದೇ ಆಳದ ಜಾಗದ್ದು. ಬೋಲ್ಟು ಹಾಕುವ ತೂತುಗಳೆಲ್ಲ ಹರಿದು ಬಾಯಿಬಿಟ್ಟಿದ್ದವು.

“ನಂಬರ್ ಇರುಂದುಚ್ಚು ಸಾರ್, ಅದಾನ್ ಪೋನ್ ಪೋಟ್ಟೇನ್,” ಅಂದಳು ಅವಳು, ನಂಬರ್ ಇತ್ತು, ಅದಕ್ಕೇ ಫೋನ್ ಮಾಡಿದೆ ಎಂದು. ಆಮೇಲೆ ತನ್ನ ಬೆರಳು ತೋರಿಸಿ ದೂರಿದಳು. “ಉಳ್ಳೆ ಮುಳ್ಳು ಮಾದಿರಿ ಕುತ್ತುದು ಸಾರ್.” ಒಳಗೆ ಮುಳ್ಳಿನ ಹಾಗೆ ಚುಚ್ಚುತ್ತದೆ ಎಂದು.

ನಾನು ಒಳಗೆ ಬೆರಳಾಡಿಸಿದೆ. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಗಾಜಿನ ಪುಡಿ ಪ್ಲಾಸ್ಟಿಕ್ಕಿನೊಳಗೆ ಹೊಕ್ಕು ಕೂತಿತ್ತು. ಆ ಆಳದ ನೀರಿನ ಭಾರಕ್ಕೆ ಗೋಲ ಒಡೆದರೆ ಚೂರಾಗುವುದಿಲ್ಲ, ಕ್ಷಣದಲ್ಲಿ ಹಿಟ್ಟಾಗುತ್ತದೆ. ಒಂದು ಒಡೆದರೆ ಆ ಹೊಡೆತಕ್ಕೆ ಪಕ್ಕದ್ದೂ ಒಡೆಯಬಹುದು. ಅಲ್ಲಿಗೆ ಎಲ್ಲ ತಿಳಿಯಿತು. ಯಂತ್ರ ಅವತ್ತು ಸುಳ್ಳು ಹೇಳಿರಲಿಲ್ಲ. ಕೊಂಡಿ ಬಿಚ್ಚಿತ್ತು, ಕಬ್ಬಿಣವನ್ನು ಬಿಟ್ಟಿತ್ತು. ಎತ್ತಿಕೊಂಡು ಬರಲು ಬೇಕಾದ ಗೋಲಗಳೇ ಇರಲಿಲ್ಲ. ಕೆಸರೂ ಇಲ್ಲ, ಸಡಿಲವಾಗುವುದೂ ಇಲ್ಲ. ಎಷ್ಟು ವರ್ಷ ಕಾದರೂ ಅದು ಏಳುವ ಹಾಗಿಲ್ಲ.

ಸರ್ ಬಾಗಿ ತಮ್ಮ ಬೆರಳನ್ನೂ ಒಳಗೆ ಆಡಿಸಿದರು. ನಾನು ಬೇಡ ಅನ್ನಲಿಲ್ಲ. ಬೆರಳನ್ನು ಮುಖದ ಹತ್ತಿರ ಹಿಡಿದು ನೋಡಿಕೊಂಡರು.

“ಇನ್ಮೇಲೆ ಬರಲ್ಲ, ಅಲ್ವಾಮ್ಮಾ?”

“ಬರಲ್ಲ ಸರ್.”

ಆ ಹೆಂಗಸಿಗೆ ಮೈಸೂರ್‌ಪಾಕ್ ಕೊಟ್ಟರು. ಅವಳು ಸಂಕೋಚಪಡುತ್ತ, ಇದರೊಳಗೆ ಇದ್ದದ್ದು ಎಲ್ಲಿ ಹೋಯಿತು ಎಂದು ಕೇಳಿದಳು. ಕೆಳಗೇ ಇದೆಯಮ್ಮ ಎಂದು ತಮಿಳಿನಲ್ಲಿ ಹೇಳಿದರು. ಚಿಪ್ಪು ಚುಚ್ಚುವುದರಿಂದ ಅವಳಿಗೂ ಬೇಡವಾಗಿತ್ತು. ನಾವೇ ಎತ್ತಿಕೊಂಡು ಬಂದೆವು.

ವಾಪಸು ಬರುವಾಗ ಚಿಪ್ಪನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಹಡಗಿನ ಮೇಲೆ ಇಡುತ್ತಿದ್ದ ಹಾಗೆಯೇ. ಅಡ್ಯಾರಿನ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗ, ಹೊರಗೆ ನೋಡುತ್ತಲೇ ಹೇಳಿದರು:

“ಅವತ್ತು ಊಂಜಲ್ ಆಡ್ತಲ್ಲ, ಅವಳೂ ನೋಡಿದ್ಳು. ಏನ್ರೀ ಇದು, ಹೋಗ್ಲಾ ಬೇಡ್ವಾ ಅಂತ ಕೇಳಿದ್ಳು. ನಾನ್ ಬಂದು ಪೇಪರ್ ಓದ್ತಾ ಇದ್ದೆ. ಏನೂ ಆಗಲ್ಲ, ಹೋಗಿ ಬಾ ಅಂದೆ.”

ಆ ಮಾತನ್ನು ನಾವು ಹಡಗಿನಲ್ಲಿ ಎಷ್ಟು ಸಲ ತಮಾಷೆಗೆ ಆಡಿದ್ದೆವು, ಅವರೂ ನಕ್ಕಿದ್ದರು. ಆಟೋದವನು ಹಾರ್ನ್ ಮಾಡುತ್ತಲೇ ಇದ್ದ.

ಮನೆಯಲ್ಲಿ ಚಿಪ್ಪನ್ನು ಬಾಲ್ಕನಿಯ ಮೂಲೆಗೆ ಇಟ್ಟರು. ನಾನು ಕಾಫಿ ಮಾಡಿ ತಂದೆ. ಅವರು ಉಯ್ಯಾಲೆಯ ಮೇಲೆ ಕೂತಿದ್ದರು, ಕಾಲು ನೆಲಕ್ಕೆ ಊರಿ, ಅದು ಆಡದ ಹಾಗೆ. ಬೆರಳಿನಲ್ಲಿ ಗಾಜು ಇನ್ನೂ ಇತ್ತೇನೋ, ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದರು. ಆಗ ಫೋನ್ ರಿಂಗಾಯಿತು. ಪಲ್ಲಾವರಂ ಸಂತೆಯ ಆ ಕೆಂಪು ಫೋನಿನ ಗಂಟಲು ದೊಡ್ಡದು, ಇಡೀ ಮನೆ ತುಂಬಿತು. ನಾನು ಅವರ ಕಡೆ ನೋಡಿದೆ. ಮೊದಲ ರಿಂಗ್ ಮುಗಿಯಿತು. ಎರಡನೆಯದೂ ಮುಗಿಯಿತು. ಅವರು ಕಾಫಿ ಲೋಟದ ಅಂಚು ಒರೆಸಿಕೊಂಡು ಒಂದು ಗುಟುಕು ಕುಡಿದರು. ಗ್ಯಾಸಿನ ಅಜ್ಜಿ ಇರಬೇಕು, ಅಥವಾ ಮನೆ ಜಾಗದವರು. ಅದು ರಿಂಗಾಗಿ ರಿಂಗಾಗಿ ತಾನಾಗಿಯೇ ನಿಲ್ಲುವವರೆಗೆ ಇಬ್ಬರೂ ಕೂತಲ್ಲೇ ಕೂತಿದ್ದೆವು.